ನಡೆದು ನೋಡಿ: ಹಿನ್ನೀರು, ಗುಡ್ಡ ಮತ್ತು ನಿಮ್ಮ ಪ್ರಶ್ನೆಗಳು

ಮಳೆ ಹಿಂದೆ ಸರಿಯುತ್ತಿದ್ದಂತೆ ಮುಂಬಯಿ, ಪುಣೆ, ಗೋವಾದ ಓದುಗರಿಂದ ಕೆರೆ-ಗುಡ್ಡಗಳ ನಡಿಗೆಯ ಬಗ್ಗೆ ಪ್ರಶ್ನೆಗಳು ಬರತೊಡಗಿವೆ. ಹೆಚ್ಚಿನವರದು ಗೆಳೆಯರ ಸಣ್ಣ ಗುಂಪು, ಸಿಗುವುದು ಒಂದೇ ಭಾನುವಾರ. ಹರಟುತ್ತಾ ನಡೆದು, ಕಟ್ಟಿಕೊಂಡು ಹೋದ ಬುತ್ತಿ ಉಂಡು, ಸಂಜೆಗೆ ಮನೆ ಸೇರಬೇಕೆನ್ನುವವರಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು, 35ರಿಂದ 60 ವರ್ಷದವರು. ಪವನಾ ಕೆರೆಗೆ ಒಂದು ಸುತ್ತು ಹಾಕಿ ಸಂಜೆ ಮರಳಬೇಕೆಂದಿದ್ದೇವೆ. ಮೊಬೈಲಿನ ನಕ್ಷೆಯಲ್ಲಿ ಕೆರೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಒಂದು ದಿನ ಸಾಕೆ? (ಡೊಂಬಿವಲಿ)

ಉತ್ತರ: ಸಾಲದು. ಏಕೆ ಸಾಲದು ಎಂಬುದು ಗೊತ್ತಾದರೆ ಈ ಭಾಗದ ಬೇರೆ ಯಾವ ಕೆರೆಗೆ ಹೋಗುವಾಗಲೂ ಅನುಕೂಲ.

ನಾವು ಕೆರೆ ಎಂದು ಕರೆಯುವ ಪವನಾ ಒಂದು ಅಣೆಕಟ್ಟಿನ ಹಿನ್ನೀರು. ಪುಣೆ-ಲೋಣಾವಳ ಸುತ್ತಲಿನ ದೊಡ್ಡ ಕೆರೆಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಊರ ಕೆರೆಗೆ ಏರಿ ಇರುತ್ತದೆ, ಏರಿಯ ಮೇಲೆ ದಾರಿ ಇರುತ್ತದೆ, ಸುತ್ತು ಹಾಕಬಹುದು. ಹಿನ್ನೀರಿನ ಅಂಚಿನಲ್ಲಿ ಅಂಥ ದಾರಿ ಇರುವುದಿಲ್ಲ. ನಿಂತ ನೀರು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿ ಇರುವುದರಿಂದ, ಗುಡ್ಡದಿಂದ ಇಳಿದು ಬರುವ ಪ್ರತಿ ಹಳ್ಳದ ಒಳಕ್ಕೂ ಅದು ನಾಲಿಗೆ ಚಾಚಿದ ಹಾಗೆ ನುಗ್ಗಿರುತ್ತದೆ. ಎದುರಿನ ದಂಡೆ ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದರೂ ಅಲ್ಲಿಗೆ ಹೋಗಲು ಆ ನಾಲಿಗೆಯ ತುದಿಯವರೆಗೆ ಒಳಗೆ ಹೋಗಿ, ಮತ್ತೆ ಅಷ್ಟೇ ದೂರ ಹೊರಗೆ ಬರಬೇಕು. ನಡುನಡುವೆ ಖಾಸಗಿ ಹೊಲ, ಬೇಲಿ, ಟೆಂಟ್ ಹಾಕುವವರ ಜಾಗಗಳು ಬೇರೆ ಅಡ್ಡ ಬರುತ್ತವೆ.

ಸಂಶಯವಿದ್ದರೆ ನಕ್ಷೆಯಲ್ಲೇ ಪರೀಕ್ಷೆ ಮಾಡಿ. ದೂರ ಅಳೆಯುವ ಸೌಲಭ್ಯ ತೆರೆದು, ಮೊದಲು ದಂಡೆಯಿಂದ ದಂಡೆಗೆ ಹತ್ತು ಹನ್ನೆರಡು ಚುಕ್ಕೆ ಇಟ್ಟು ಸುತ್ತಳತೆ ನೋಡಿ. ಬಳಿಕ ಪ್ರತಿ ಒಳಚಾಚಿಗೂ ಬೆರಳು ಇಳಿಸಿ, ತಿರುವು ಕಂಡಲ್ಲೆಲ್ಲ ಚುಕ್ಕೆ ಇಟ್ಟು ಇನ್ನೊಮ್ಮೆ ಅಳೆಯಿರಿ. ಎರಡನೆಯ ಅಳತೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ನೋಡಿದ ಮೇಲೆ ಪ್ರದಕ್ಷಿಣೆಯ ಆಸೆ ತಾನಾಗಿ ಬಿಟ್ಟುಹೋಗುತ್ತದೆ.

ನಮ್ಮ ಸಲಹೆ: ಕೆರೆಯನ್ನು ಸುತ್ತಬೇಡಿ, ಮೇಲಿನಿಂದ ನೋಡಿ. ಅದಕ್ಕೆ ಲೋಹಗಡಕ್ಕಿಂತ ಒಳ್ಳೆಯ ಜಾಗ ನಿಮ್ಮ ಗುಂಪಿಗೆ ಸಿಗಲಾರದು. ಲೋಣಾವಳದಲ್ಲಿ ಇಳಿದು ಪುಣೆ ಲೋಕಲ್ ಹಿಡಿದರೆ ಮುಂದಿನ ನಿಲ್ದಾಣವೇ ಮಳವಲಿ. ಅಲ್ಲಿಂದ ಭಾಜೆ ಹಳ್ಳಿ, ಭಾಜೆಯ 22 ಗುಹೆಗಳು, ಲೋಹಗಡ ಮತ್ತು ವಿಸಾಪುರ ಕೋಟೆಗಳ ನಡುವಿನ ಕಣಿವೆ, ಲೋಹಗಡವಾಡಿ, ಕೊನೆಗೆ ಕೋಟೆಯ ಕಲ್ಲು ಮೆಟ್ಟಿಲು. ಒಟ್ಟು ಸುಮಾರು 8 ಕಿ.ಮೀ., ಏರು ಸುಮಾರು 400 ಮೀಟರ್. ಗಣೇಶ, ನಾರಾಯಣ, ಹನುಮಾನ್, ಮಹಾದರವಾಜಾ ಎಂಬ ನಾಲ್ಕು ಬಾಗಿಲು ದಾಟಿ ಮೇಲೆ ಬಂದರೆ ಪಶ್ಚಿಮಕ್ಕೆ ‘ವಿಂಚೂಕಾಟಾ’, ಅಂದರೆ ಚೇಳಿನ ಕೊಂಡಿ, ಉದ್ದಕ್ಕೆ ಚಾಚಿಕೊಂಡಿದೆ. ಅದರ ಒಂದು ಮಗ್ಗುಲಿಗೆ ಪವನಾದ ನೀರು, ಆಚೆಗೆ ತಿಕೋನಾ ಮತ್ತು ತುಂಗ್ ಕೋಟೆಗಳ ಶಿಖರಗಳು. ಕೆಳಗೆ ನಿಂತಾಗ ತುಂಡುತುಂಡಾಗಿ ಕಾಣುವ ಕೆರೆ ಇಲ್ಲಿಂದ ಇಡಿಯಾಗಿ ಕಾಣುತ್ತದೆ. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಲೋಹಗಡವೂ ಒಂದು.

ಈಗ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಮೇಲೇರಲು ಸುಮಾರು ಎರಡೂಕಾಲು ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಮಾತಾಡುತ್ತಾ, ಫೋಟೊ ತೆಗೆಯುತ್ತಾ ಹೋಗುವ ಎಂಟು ಮಂದಿಗೆ ಅರ್ಧದಷ್ಟು ಸೇರಿಸಿ ಮೂರೂವರೆ ಗಂಟೆ ಇಟ್ಟುಕೊಳ್ಳಿ, ಗುಹೆಗಳಿಗೆ ಮುಕ್ಕಾಲು ಗಂಟೆ ಬೇರೆ. ಬೆಳಿಗ್ಗೆ 7ಕ್ಕೆ ಮಳವಲಿ ಬಿಟ್ಟರೆ ಹನ್ನೊಂದೂಕಾಲರ ಸುಮಾರಿಗೆ ಮೇಲಿರುತ್ತೀರಿ. ಒಂದು ಗಂಟೆಗೆ ಇಳಿಯಲು ಶುರು ಮಾಡಲೇಬೇಕು, ಕೊಂಡಿಯ ತುದಿ ತಲುಪಿರಲಿ, ಬಿಟ್ಟಿರಲಿ. ಡಿಸೆಂಬರಿನಲ್ಲಿ ಇಲ್ಲಿ ಆರರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಹೊತ್ತು ಲೋಕಲ್ ಗಾಡಿಗಳು ವಿರಳ, ಹಿಂದಿರುಗುವ ಗಾಡಿಯ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಎರಡನೆಯ ಸ್ಥಾನದಲ್ಲಿ ನಡೆಸಿ, ಕೊನೆಯಲ್ಲಿ ಅಲ್ಲ. ಕೊನೆಯಲ್ಲಿದ್ದರೆ ಅವರು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಮುಂದಿನವರು ದಣಿವಾರಿಸಿಕೊಂಡು ಎದ್ದುಬಿಟ್ಟಿರುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗದೆ ಹೋಗುತ್ತದೆ.

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಹಿನ್ನೀರಿನ ಹತ್ತಿರ ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ನಡೆಯುತ್ತಿದ್ದಾಗ ಗೆಳೆಯನ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಒಣ ನೆಲದಲ್ಲಿ ಹೀಗೇಕೆ? ಮುಂದೆ ಹೀಗಾದರೆ ಏನು ಮಾಡಬೇಕು? (ಚಿಂಚವಾಡ, ಪುಣೆ)

ಉತ್ತರ: ಆ ನೆಲ ಒಣಗಿರುವುದು ಮೇಲೆ ಮೂರು ನಾಲ್ಕು ಬೆರಳಿನಷ್ಟು ಮಾತ್ರ. ಮಳೆಗಾಲದಲ್ಲಿ ಗುಡ್ಡದಿಂದ ಕೊಚ್ಚಿ ಬಂದ ನುಣುಪಾದ ಮಣ್ಣು ನಿಂತ ನೀರಿನ ತಳದಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲ್ಪದರ ಒಣಗಿ ಹಪ್ಪಳವಾಗುತ್ತದೆ. ಆ ಹಪ್ಪಳವೇ ಮುಚ್ಚಳವಾಗಿ ಕೆಳಗಿನ ಕೆಸರಿನ ತೇವ ಆರದಂತೆ ತಡೆಯುತ್ತದೆ. ನೀರಿನ ಅಂಚಿಗೆ ಹತ್ತಿರವಾದಷ್ಟೂ ಹಪ್ಪಳ ತೆಳು.

ಗುರುತು ಹಿಡಿಯುವುದು ಹೀಗೆ. ಬಿರುಕಿನೊಳಗೆ ಬಗ್ಗಿ ನೋಡಿ: ತಳದ ಮಣ್ಣು ಮೇಲಿನದರಂತೆಯೇ ತಿಳಿ ಬೂದಿ ಬಣ್ಣದ್ದಾದರೆ ನೆಲ ಗಟ್ಟಿ, ಕಪ್ಪಗೆ ಹೊಳೆಯುತ್ತಿದ್ದರೆ ಒಳಗೆ ಕೆಸರಿದೆ. ಕೋಲು ಊರಿ ಮೈಭಾರ ಹಾಕಿ. ನಾಲ್ಕು ಬೆರಳಿಗಿಂತ ಆಳ ಇಳಿದರೆ ಹಿಂದಿರುಗಿ. ದನ-ಎಮ್ಮೆಗಳು ನೀರಿಗೆ ಹೋಗುವ ಜಾಡು ಸಿಕ್ಕರೆ ಅದನ್ನೇ ಹಿಡಿಯಿರಿ, ದಿನವೂ ತುಳಿದು ಗಟ್ಟಿಯಾಗಿರುತ್ತದೆ. ಆದರೆ ಜಾಡಿನಲ್ಲಿ ಗೊರಸಿನ ಗುರುತು ಆಳವಾಗುತ್ತಾ ಹೋದರೆ ಅಲ್ಲಿಗೇ ನಿಲ್ಲಿ.

ಕಾಲು ಹೂತರೆ ನೆಟ್ಟಗೆ ಮೇಲಕ್ಕೆ ಎಳೆಯಬೇಡಿ. ಪಾದದ ಕೆಳಗೆ ಗಾಳಿ ಹೋಗಲು ಜಾಗವಿಲ್ಲದೆ ಕೆಸರು ಹಿಡಿದು ಜಗ್ಗುತ್ತದೆ, ಎಳೆಯುವ ಭರದಲ್ಲಿ ಇನ್ನೊಂದು ಕಾಲೂ ಹೂಳುತ್ತದೆ. ಬ್ಯಾಗನ್ನು ಹಿಂದೆ ನೆಲದ ಮೇಲಿಟ್ಟು ಅದರ ಮೇಲೆ ಕುಳಿತುಬಿಡಿ. ಭಾರ ಹರಡುತ್ತದೆ. ಪಾದವನ್ನು ಹಿಂದೆ ಮುಂದೆ ಸಣ್ಣಗೆ ಅಲ್ಲಾಡಿಸುತ್ತಾ ಸುತ್ತ ಸಡಿಲ ಮಾಡಿ ನಿಧಾನಕ್ಕೆ ಹಿಂದಕ್ಕೆ ಜಾರಿಸಿ. ಬೂಟು ಬರದಿದ್ದರೆ ಲೇಸ್ ಬಿಚ್ಚಿ ಕಾಲನ್ನಷ್ಟೇ ತೆಗೆಯಿರಿ, ಬೂಟು ಆಮೇಲೆ ನೋಡೋಣ. ಗೆಳೆಯರು ಹತ್ತಿರ ಓಡಿ ಬರಬಾರದು. ಗಟ್ಟಿ ನೆಲದ ಮೇಲೆ ನಿಂತು ಕೋಲನ್ನೋ ಟವೆಲನ್ನೋ ಚಾಚಬೇಕು.

ಪ್ರಶ್ನೆ: ನಮ್ಮಲ್ಲಿ ಮೂವರು ದಕ್ಷಿಣ ಕನ್ನಡದವರು, ಹೊಳೆಯಲ್ಲಿ ಈಜಿ ಬೆಳೆದವರು. ಹಿನ್ನೀರಿನಲ್ಲಿ ಈಜಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಈಜು ಬಲ್ಲವರಿಗೂ ಅಪಾಯವೆ? (ಥಾಣೆ)

ಉತ್ತರ: ಹೌದು. ಹುಟ್ಟೂರಿನ ಹೊಳೆಯ ಗುಂಡಿ, ಸುಳಿ, ಬಂಡೆ ನಿಮಗೆ ಗೊತ್ತು. ಹಿನ್ನೀರಿನ ತಳ ನಿಮಗೆ ಗೊತ್ತಿಲ್ಲ. ಪವನಾದಲ್ಲಿ ವಾಘೇಶ್ವರನ ಹಳೆಯ ಕಲ್ಲಿನ ದೇವಸ್ಥಾನವೇ ಇದೆ. ಮಳೆ ಬಂದು ಕೆರೆ ತುಂಬಿದಾಗ ಅದು ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೊರಗೆ ಬರುತ್ತದೆ. ಇಡೀ ದೇವಸ್ಥಾನ ಮುಚ್ಚುವಷ್ಟು ನೀರು ನಿಂತಿರುವ ಕೆರೆಯ ಮೇಲ್ಮೈ ಕನ್ನಡಿಯ ಹಾಗೆ ಶಾಂತವಾಗಿ ಕಾಣುತ್ತದೆ. ಹಿನ್ನೀರು ನಿಂತಿರುವುದು ಹಿಂದೆ ಹೊಲ-ಊರುಗಳಿದ್ದ ಕಣಿವೆಯಲ್ಲಿ. ಹಾಗಾಗಿ ತಳದಲ್ಲಿ ಮೆಟ್ಟಿಲು ಹೊಲಗಳ ಬದು, ಬಾವಿ, ಮರದ ಬೊಡ್ಡೆ, ಹಳೆಯ ನದಿಯ ಪಾತ್ರ ಇರಬಹುದು. ಸೊಂಟದ ನೀರಿನಲ್ಲಿ ನಡೆಯುತ್ತಿರುವವರಿಗೆ ಮುಂದಿನ ಹೆಜ್ಜೆಗೆ ನೆಲ ಸಿಗದೆ ಹೋಗುವುದು ಬದುವಿನ ಅಂಚು ಮುಗಿದಲ್ಲಿ.

ಮಳೆಗಾಲದ ತೊರೆಗಳ ಅಪಾಯ ಬೇರೆ ತರಹದ್ದು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀವು ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಬಂಡೆಯ ಇಳಿಜಾರಿನಲ್ಲಿ ಇಂಗದೆ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ನೀರು ಕೆಂಪಾಗತೊಡಗಿದರೆ, ಎಲೆ-ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಆ ಕ್ಷಣವೇ ಎತ್ತರದ ದಂಡೆಗೆ ಬನ್ನಿ. ಸಾಮಾನು ಎತ್ತಿಕೊಳ್ಳಲು ನಿಲ್ಲಬೇಡಿ.

ಯಾರಾದರೂ ನೀರಿಗೆ ಬಿದ್ದರೆ ಎಸೆಯಿರಿ, ಇಳಿಯಬೇಡಿ. ಮುಚ್ಚಳ ಬಿಗಿಯಾದ ಖಾಲಿ 5 ಲೀಟರ್ ಕ್ಯಾನ್‌ಗೆ 15 ಮೀಟರ್ ಹಗ್ಗ ಕಟ್ಟಿ ಗುಂಪಿನ ಒಬ್ಬರ ಬ್ಯಾಗಿನಲ್ಲಿಡಿ. ಎದೆಗೆ ಅವಚಿಕೊಂಡರೆ ಒಬ್ಬರ ತಲೆ ನೀರಿನ ಮೇಲೆ ನಿಲ್ಲಲು ಅದು ಆಧಾರವಾಗುತ್ತದೆ. ಎಸೆಯುವಾಗ ಒಂದೆರಡು ಲೋಟ ನೀರು ಒಳಗಿರಲಿ, ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಹಾರಿ ಬೇರೆಲ್ಲೋ ಬೀಳುತ್ತದೆ.

ಪ್ರಶ್ನೆ: ಐದು ವರ್ಷದ ಹಿಂದೆ ಕೊಂಡ ಒಳ್ಳೆಯ ಬೂಟು, ಮೂರೇ ಸಲ ಹಾಕಿದ್ದು. ಮೊನ್ನೆ ಗುಡ್ಡ ಹತ್ತುವಾಗ ಎರಡೂ ಅಟ್ಟೆ ಕಿತ್ತುಬಂದವು. ಮಾಲು ಮೋಸದ್ದೆ? (ಮುಲುಂಡ್)

ಉತ್ತರ: ಮೋಸವೇ ಆಗಬೇಕೆಂದಿಲ್ಲ. ಬೂಟಿನ ಅಡಿಯ ರಬ್ಬರು ಮತ್ತು ಮೇಲಿನ ಚರ್ಮದ ನಡುವೆ ಮೆತ್ತಗಿನ ಪದರವೊಂದು ಇರುತ್ತದೆ. ಅನೇಕ ಬೂಟುಗಳಲ್ಲಿ ಅದು ಪಾಲಿಯುರೆಥೇನ್. ಗಾಳಿಯ ತೇವ ನಿಧಾನವಾಗಿ ಅದರೊಳಗೆ ಸೇರಿ ಅದನ್ನು ಒಡೆಯುತ್ತದೆ. ಮುಂಬಯಿಯ ಹವೆಯಲ್ಲಿ, ಮುಚ್ಚಿದ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ. ಮೇಲೆ ನೋಡಿದರೆ ಹೊಸತು, ಒಳಗೆ ಹಳೆಯ ರಸ್ಕಿನಂತೆ ಪುಡಿ. ಒಂದು ಬೂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದೂ ಹೋಗುತ್ತದೆ. ಎರಡರ ವಯಸ್ಸೂ ಒಂದೇ ತಾನೆ.

ಹೊರಡುವ ಒಂದು ವಾರ ಮೊದಲು ಪರೀಕ್ಷಿಸಿ. ಮೆತ್ತನೆಯ ಪದರಕ್ಕೆ ಹೆಬ್ಬೆರಳ ಉಗುರು ಒತ್ತಿ: ಗುರುತು ಮೂಡಿ ಮತ್ತೆ ಮೇಲೆದ್ದರೆ ಸರಿ, ಪುಡಿ ಉದುರಿದರೆ ಅಥವಾ ಸಣ್ಣ ಬಿರುಕು ಕಂಡರೆ ಬೇಡ. ಬಳಿಕ ಬೂಟನ್ನು ಬೆರಳಿನ ಭಾಗದಲ್ಲಿ ಹತ್ತು ಸಲ ಮಡಚಿ ಅಂಚಿನಲ್ಲಿ ಬಾಯಿ ಬಿಡುತ್ತದೆಯೇ ನೋಡಿ. ಪುಡಿಯಾದ ಪದರಕ್ಕೆ ಅಂಟು ಹಚ್ಚಿ ಪ್ರಯೋಜನವಿಲ್ಲ, ಅಂಟಿಗೆ ಹಿಡಿದುಕೊಳ್ಳಲು ಗಟ್ಟಿ ಏನೂ ಉಳಿದಿರುವುದಿಲ್ಲ. ಮೋಚಿಯವರು ಸುತ್ತಲೂ ಹೊಲಿಗೆ ಹಾಕಿಕೊಟ್ಟರೆ ಒಂದೆರಡು ನಡಿಗೆ ತಾಳೀತು, ಅಷ್ಟೇ. ಬೂಟನ್ನು ಗಾಳಿಯಾಡುವ ಕಡೆ ಇಟ್ಟು ತಿಂಗಳಿಗೊಮ್ಮೆಯಾದರೂ ಹಾಕಿ ನಡೆಯುವುದು ಒಳ್ಳೆಯದು.

ದಾರಿಯಲ್ಲೇ ಕಿತ್ತರೆ ಬೇಕಾಗುವುದು ಎರಡು ಹೆಚ್ಚುವರಿ ಲೇಸ್ ಮತ್ತು ಅಗಲದ ಬಟ್ಟೆ ಟೇಪು. ಲೇಸನ್ನು ಅಟ್ಟೆಯ ಕೆಳಗೆ, ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ ಹಾಯಿಸಿ ಮೇಲೆ ಕಟ್ಟಿ. ಬೆರಳಿನ ಕಡೆ ಟೇಪು ಸುತ್ತಿ. ಟೇಪಿನ ಮೇಲೆ ನಡೆಯುವಾಗ ಒದ್ದೆ ಬಂಡೆ ಜಾರುತ್ತದೆ, ಎಚ್ಚರ.

ಪ್ರಶ್ನೆ: ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮೊಣಕಾಲು ನಡುಗುತ್ತವೆ. ಮರುದಿನಕ್ಕಿಂತ ಅದರ ಮಾರನೆಯ ದಿನ ತೊಡೆ ಹೆಚ್ಚು ನೋಯುತ್ತದೆ. (ಸದಾಶಿವ ಪೇಠ, ಪುಣೆ)

ಉತ್ತರ: ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಸಮತಟ್ಟಿನ ನಡಿಗೆ ಎಷ್ಟು ಮಾಡಿದರೂ ಇದರ ಅಭ್ಯಾಸ ಆಗುವುದಿಲ್ಲ. ನೋವು 24ರಿಂದ 72 ಗಂಟೆಯೊಳಗೆ ಏರಿ ಇಳಿಯುವುದು ಸಹಜ. ನಿಮ್ಮ ಮನೆಯ ಹತ್ತಿರವೇ ಪರ್ವತಿ ಗುಡ್ಡವಿದೆ, 103 ಮೆಟ್ಟಿಲು. ನಡಿಗೆಗೆ ನಾಲ್ಕು ವಾರ ಮೊದಲಿನಿಂದ, ವಾರಕ್ಕೆ ಮೂರು ದಿನ, ಮೊದಲ ವಾರ ಎರಡು ಸಲ ಹತ್ತಿ ಇಳಿದು, ವಾರಕ್ಕೊಂದರಂತೆ ಹೆಚ್ಚಿಸಿ. ಇಳಿಯುವುದನ್ನು ಬೇಕೆಂದೇ ನಿಧಾನ ಮಾಡಿ, ಅಭ್ಯಾಸ ಇರುವುದು ಅದರಲ್ಲಿ.

ಗುಡ್ಡದಲ್ಲಿ ಸಣ್ಣ ಹೆಜ್ಜೆ ಇಡಿ, ಮೊಣಕಾಲು ಸ್ವಲ್ಪ ಬಾಗಿರಲಿ. ಕೋಲು ಸಮತಟ್ಟಿನಲ್ಲಿ ಮೊಣಕೈ ಲಂಬಕೋನಕ್ಕೆ ಬಾಗುವಷ್ಟು ಎತ್ತರ, ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ ಆಮೇಲೆ ಕಾಲು ಇಡಿ. ಮೊಣಕಾಲು ಊದಿಕೊಂಡರೆ ಅಥವಾ ಸಿಕ್ಕಿಹಾಕಿಕೊಂಡಂತಾದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬುತ್ತಿಗೆ ಏನು ಕಟ್ಟಬೇಕು? ಹೋದ ಸಲ ಚಿತ್ರಾನ್ನ ಮಧ್ಯಾಹ್ನದೊಳಗ ಹಳಸಿತ್ತು. (ಪಿಂಪ್ರಿ, ಮೂಲ ವಿಜಯಪುರ)

ಉತ್ತರ: ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದ್ದು ಕಾರಣವಿರಬಹುದು. ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅನ್ನದ ಮೇಲೆ ಬೀಳುತ್ತದೆ, ಡಬ್ಬಿ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹಸಿ ಕಾಯಿತುರಿ, ಈರುಳ್ಳಿ ಹಾಕಿದ್ದರೆ ಇನ್ನೂ ಬೇಗ ಕೆಡುತ್ತದೆ. ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಕಾಯಿ ಬಿಟ್ಟು, ಹುಳಿ ಹೆಚ್ಚಿಸಿ ಪುಳಿಯೋಗರೆ ಮಾಡಿದರೆ ತಾಳುತ್ತದೆ.

ಆದರೆ ವಿಜಯಪುರದವರು ಅನ್ನಕ್ಕೆ ಏಕೆ ಕಷ್ಟಪಡಬೇಕು? ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆನೆ ಮೊಸರು, ಒಂದು ಸೌತೆಕಾಯಿ. ನೀರಿನಂಶವೇ ಇಲ್ಲದ ರೊಟ್ಟಿ ಕೆಡುವುದಿಲ್ಲ, ಹಗುರ ಬೇರೆ. ಒಬ್ಬರಿಗೆ ನಾಲ್ಕು ರೊಟ್ಟಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟರೆ ಒಡೆಯುವುದು ಕಡಿಮೆ. ಮೊಸರನ್ನ ಬೇಕೇಬೇಕೆಂದರೆ ಒಂದು ಲೋಟ ಅಕ್ಕಿಯ ಅನ್ನ ಮೆತ್ತಗೆ ಮಾಡಿ, ಉಗುರುಬೆಚ್ಚಗಿರುವಾಗ ಎರಡು ಲೋಟ ಕಾಯಿಸಿ ಆರಿಸಿದ ಹಾಲು, ಎರಡು ಚಮಚ ಮೊಸರು ಕಲಸಿ. ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದಕ್ಕೆ ಬರುತ್ತದೆ. ಸಂಜೆಯ ಇಳಿತಕ್ಕೆ ತಲಾ ಒಂದು ಅಂಟಿನುಂಡೆ.

ನೀರು ಚಳಿಗಾಲದಲ್ಲಿ ತಲಾ 2 ಲೀಟರ್, ಮಾರ್ಚ್ ನಂತರ 3 ಲೀಟರ್. ಬಹಳ ಬೆವರಿದವರಿಗೆ ಬರೀ ನೀರು ಕುಡಿಸುತ್ತಾ ಹೋಗಬೇಡಿ: 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ; ಚೀಲದ ಸರಸರ ಸದ್ದಿಗೇ ಕೋಟೆಯ ಮಂಗಗಳು ಬರುತ್ತವೆ.

ಪ್ರಶ್ನೆ: ಬೊರಿವಲಿ ಕಾಡಿನೊಳಗಿನ ತುಲಸಿ, ವಿಹಾರ ಕೆರೆಗಳ ಸುತ್ತ ನಡೆಯಬಹುದೆ? (ಗೋರೆಗಾಂವ್)

ಉತ್ತರ: ಇಲ್ಲ. 1860ರ ವಿಹಾರ, 1879ರ ತುಲಸಿ ಎರಡೂ ಮುಂಬಯಿಗೆ ಕುಡಿಯುವ ನೀರು ಕೊಡುವ ಕೆರೆಗಳು, ಅನುಮತಿಯಿಲ್ಲದೆ ಪ್ರವೇಶವಿಲ್ಲ. ಬದಲಿಗೆ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಕಾನ್ಹೇರಿಗೆ ನಡೆಯಿರಿ. ನೂರಕ್ಕೂ ಹೆಚ್ಚು ಗುಹೆಗಳು. ಒಂದೊಂದರ ಪಕ್ಕದಲ್ಲೂ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ, ಮಳೆನೀರನ್ನು ಅದಕ್ಕೆ ತರುವ ಸಣ್ಣ ಕಾಲುವೆ ಹುಡುಕಿ ನೋಡಿ. ಸೋಮವಾರ ರಜೆ. ಚಿರತೆಗಳಿರುವ ಕಾಡು, ಮಕ್ಕಳು ಗುಂಪಿನ ನಡುವೆ ಇರಲಿ, ಮುಸ್ಸಂಜೆಗೆ ಮೊದಲೇ ಹೊರಬನ್ನಿ.

ಪ್ರಶ್ನೆ: 68 ವರ್ಷದ ಅಮ್ಮನೂ ನಮ್ಮ ಜೊತೆ ಬರಬೇಕೆನ್ನುತ್ತಾರೆ. ಏರು ಕಡಿಮೆ ಇರುವ ಕೆರೆ ಯಾವುದು? (ಮಾಟುಂಗಾ)

ಉತ್ತರ: ಮಾಥೇರಾನ್‌ನ ಶಾರ್ಲಟ್ ಕೆರೆ. ದಸ್ತೂರಿ ನಾಕಾದಿಂದ ಒಳಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ, ಹಾಗಾಗಿ ಹಾರ್ನ್ ಸದ್ದಿಲ್ಲದೆ ಮರದ ನೆರಳಿನಲ್ಲಿ ನಡೆಯಬಹುದು. ಅಮನ್ ಲಾಜ್‌ನಿಂದ ಪುಟ್ಟ ರೈಲು ಹಿಡಿದು ಪೇಟೆಯವರೆಗೆ ಹೋದರೆ ಅಮ್ಮನವರ ನಡಿಗೆ ಇನ್ನೂ ಹಗುರ. ಮಳೆಗಾಲದಲ್ಲಿ ನೇರಳ್‌ನಿಂದ ಬರುವ ಗಾಡಿ ನಿಂತರೂ ಈ ಸಣ್ಣ ತುಂಡಿನ ಓಡಾಟ ಇರುತ್ತದೆ. ಇಲ್ಲಿನ ನೆಲ ಜಂಬಿಟ್ಟಿಗೆ. ಒಣಗಿದಾಗ ಸಣ್ಣ ಹರಳುಗಳು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತವೆ, ಚಪ್ಪಲಿ ಬೇಡ. ಬಿಳಿ ಸೀರೆಯೂ ಬೇಡ, ಕೆಂಪು ಧೂಳು ಒಗೆದರೂ ಹೋಗುವುದಿಲ್ಲ.

ಪ್ರಶ್ನೆ: ಆಗಸ್ಟಿನಲ್ಲಿ ನೇತ್ರಾವಳಿ ಕಾಡಿಗೆ ಹೋದಾಗ ಇಂಬಳದ ಕಾಟ. ಉಪ್ಪು ಹಚ್ಚಿದರೂ ನಿಲ್ಲಲಿಲ್ಲ, ಕಿತ್ತ ಮೇಲೆ ರಕ್ತವೂ ನಿಲ್ಲಲಿಲ್ಲ. (ವಾಸ್ಕೊ, ಗೋವಾ)

ಉತ್ತರ: ಉಪ್ಪು ಮಳೆಗೆ ಹತ್ತು ನಿಮಿಷದಲ್ಲಿ ತೊಳೆದುಹೋಗುತ್ತದೆ. ಮಲೆನಾಡಿನವರು ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲಿಗೆ ಹಚ್ಚುತ್ತಾರೆ. ಕಾಲಿನ ಚರ್ಮಕ್ಕೆ ಆಗದವರು ಕಾಲುಚೀಲದ ಹೊರಗೆ ಮಾತ್ರ ಹಚ್ಚಲಿ. ಒತ್ತಾಗಿ ನೇಯ್ದ ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸಿ. ಹತ್ತು ನಿಮಿಷಕ್ಕೊಮ್ಮೆ ಒಬ್ಬರ ಕಾಲು ಇನ್ನೊಬ್ಬರು ನೋಡಿ. ನಿಂತಲ್ಲೇ ನಿಂತು ಹರಟಿದರೆ ಸುತ್ತಲಿನವೆಲ್ಲ ನಿಮ್ಮ ಕಡೆಗೇ ಬರುತ್ತವೆ, ಬಿಸಿಲು ಬಿದ್ದ ಬಂಡೆಯ ಮೇಲೆ ನಿಲ್ಲಿ.

ಕಚ್ಚಿದ ಇಂಬಳವನ್ನು ಎಳೆಯಬೇಡಿ, ಸುಡಬೇಡಿ. ಅದರ ಸಪೂರ ತುದಿಯೇ ಬಾಯಿ. ಚರ್ಮಕ್ಕೆ ಉಗುರನ್ನು ಮಟ್ಟಸವಾಗಿ ಹಿಡಿದು ಆ ತುದಿಯ ಅಡಿಗೆ ಪಕ್ಕದಿಂದ ಜಾರಿಸಿ, ಹಿಡಿತ ಬಿಟ್ಟ ಕೂಡಲೇ ದಪ್ಪ ತುದಿಯನ್ನೂ ಬಿಡಿಸಿ. ರಕ್ತ ನಿಲ್ಲದಿರುವುದು ಅದು ಬಿಟ್ಟುಹೋದ ಜೊಲ್ಲಿನಿಂದ, ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಸೋಪು ಹಾಕಿ ತೊಳೆದು, ಶುದ್ಧ ಬಟ್ಟೆ ಒತ್ತಿ 15 ನಿಮಿಷ ಹಿಡಿದು ಪಟ್ಟಿ ಕಟ್ಟಿ. ಕೆಲವು ಗಂಟೆ ಜಿನುಗಿದರೂ ಗಾಬರಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇಂಥ ಕಾಡಿಗೆ ಮಳೆಗಾಲದಲ್ಲಿ ಹೋಗದಿರುವುದೇ ಲೇಸು. ಅವರು ನವೆಂಬರಿನಿಂದ ಫೆಬ್ರುವರಿಯೊಳಗೆ ಕರ್ಮಳಿ ರೈಲು ನಿಲ್ದಾಣದ ಪಕ್ಕದ ಕಾರಂಬೊಳಿ ಕೆರೆಗೆ ಬೆಳಿಗ್ಗೆ ಏಳರೊಳಗೆ ಹೋಗಲಿ. ಸಮತಟ್ಟು ದಾರಿ, ನೀರಿನ ತುಂಬ ಶಿಳ್ಳೆ ಬಾತು, ನೀಲಿ ಜಂಬುಕೋಳಿ, ಎಲೆಗಳ ಮೇಲೆ ಓಡುವ ಜಕಾನ. ದುರ್ಬೀನು ಇದ್ದರೆ 8×42 ಅಳತೆಯದು ಸಾಕು.

ಪ್ರಶ್ನೆ: ಕೋಟೆಯ ಬಂಡೆಗೆ ಹೆಜ್ಜೇನು ಕಟ್ಟಿತ್ತು, ಹೆದರಿ ಹಿಂದೆ ಬಂದೆವು. ಮಾಡಿದ್ದು ಸರಿಯೆ? (ನಿಗಡಿ, ಪುಣೆ)

ಉತ್ತರ: ಖಂಡಿತ ಸರಿ. ಗೂಡಿನ ಕೆಳಗೆ ಹೋಗಲೇಬೇಕಾದರೆ ಸೆಂಟು ಹಾಕಿರಬಾರದು, ಬೀಡಿ-ಸಿಗರೇಟು, ಒಲೆ, ಕೂಗಾಟ, ಡ್ರೋನ್ ಯಾವುದೂ ಕೂಡದು. ಎದ್ದು ಬಂದರೆ ಮುಖ-ತಲೆಗೆ ಬಟ್ಟೆ ಮುಚ್ಚಿ ಬಂದ ದಾರಿಯಲ್ಲೇ ದೂರ ಹೋಗುತ್ತಿರಿ, ಕೈ ಬೀಸಬೇಡಿ. ಕಡಿದಾದ ಅಂಚಿನ ಕಡೆ ಮಾತ್ರ ಓಡಬೇಡಿ. ನೀರಿಗೆ ಹಾರಬೇಡಿ, ಅವು ಮೇಲೆ ಕಾಯುತ್ತವೆ. ದೂರ ಬಂದ ಮೇಲೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ 108ಕ್ಕೆ ಕರೆ ಮಾಡಿ, ಕೆಳಗಿನ ಹಳ್ಳಿಯ ಹೆಸರು ಹೇಳಿ.